ಮಂಚದ ಕೆಳಗಿನ ಟ್ರಂಕು ಮತ್ತು ಲೋಕನ್ಯಾಯ

ನನ್ನ ಸೋದರಮಾವ ಗುಂಡ್ಲುಪೇಟೆ ಪಕ್ಕದ ಹಳ್ಳಿಯಲ್ಲಿ ಟೊಮೆಟೊ ಬೆಳೆಯುತ್ತಾರೆಂದು ಜನ ನಂಬಿದ್ದಾರೆ. ಶುದ್ಧ ಸುಳ್ಳು! ಅವರ ನಿಜವಾದ ಕಸುಬು ಅಣುಬಾಂಬಿನ ಚಿಂತೆ. ಪೇಪರು ಬಿಡಿಸಿದರೆ ಸಾಕು, ಶುರು.

"ದೊಡ್ಡ ದೇಸದೋರು ತಾವು ಬಾಂಬು ಗುಡ್ಡೆ ಆಕೊಂಡು ಕೂತವ್ರೆ. ಇನ್ನೊಬ್ಬ ಒಂದು ಮಾಡ್ಕತೀನಿ ಅಂದ್ರೆ ಮೈಮ್ಯಾಲೆ ಬೀಳ್ತಾರಲ್ಲ, ಇದ್ಯಾವ ನ್ಯಾಯ ಕಣ್ಲಾ?"

ಚಾಮರಾಜನಗರದ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಳ್ಳುವ ನಾನು ಏನು ಹೇಳಲಿ? ಒಮ್ಮೆ ಅವರ ಜೊತೆ ಬಸ್ಸು ಹತ್ತಿದ್ದೆ. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡಿದ್ದ ಕಂಡಕ್ಟರು, ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜನೊಬ್ಬನನ್ನು ಗದರಿದ. ಮಾವ ಎದ್ದು ನಿಂತು, ದೊಡ್ಡ ದೇಶಗಳ ಸಾಲಿಗೆ ಕಂಡಕ್ಟರನನ್ನೂ ಸೇರಿಸಿ ಬೈದರು. ಅರ್ಧ ದಾರಿಯ ತೆರಕಣಾಂಬಿಯಲ್ಲಿ ಕಂಡಕ್ಟರು ನಮ್ಮಿಬ್ಬರನ್ನೂ ಇಳಿಸಿದ. ಅಜ್ಜ ಮಾತ್ರ ಅದೇ ಬಸ್ಸಿನಲ್ಲಿ ಎಲೆ ಮೆಲ್ಲುತ್ತಾ ಹೋದ.

ಇಂಥ ನ್ಯಾಯವಂತರ ಮಂಚದ ಕೆಳಗೆ ಏನಿದೆ ಗೊತ್ತೆ? ಒಂದು ಟ್ರಂಕಿನ ತುಂಬ ಆನೆ ಓಡಿಸುವ ಪಟಾಕಿ! ಪಕ್ಕದ ಹೊಲ ಅವರ ತಮ್ಮನದು, ನನ್ನ ಚಿಕ್ಕಮಾವ. ಹಳೆಯ ಅವಘಡವೊಂದರಲ್ಲಿ ಅವರ ಎಡಗೈಯ ಎರಡು ಬೆರಳು ಹೋಗಿವೆ. ಹೋದ ತಿಂಗಳು ಅವರು ನಾಲ್ಕೇ ನಾಲ್ಕು ಪಟಾಕಿ ತಂದರೆ, ಮಾವ ಕಿತ್ತುಕೊಂಡು ಕೆರೆಗೆ ಎಸೆದರು. ಸಾಲದ್ದಕ್ಕೆ, "ಇನ್ನು ಪಟಾಕಿ ಇಟ್ಟುಕೊಳ್ಳುವುದಿಲ್ಲ, ಆನೆ ಬಂದರೆ ಅಣ್ಣನನ್ನು ಕರೆಯುತ್ತೇನೆ" ಎಂದು ಕಾಗದಕ್ಕೆ ರುಜು ಹಾಕಿಸಿಕೊಂಡರು. ಆ ಕಾಗದ ಬರೆದ ಪಾಪಿ ನಾನೇ.

"ನಿಮ್ಮ ಟ್ರಂಕು, ಮಾವ?"

"ನಂದು ಮೊದ್ಲಿಂದ್ಲೂ ಅದೆ. ಮೊದ್ಲಿಂದ ಇಟ್ಕಂಡಿರೋರ ಇಸ್ಯ ಬ್ಯಾರೆ ಬುಡು."

ತಲೆ ಚಚ್ಚಿಕೊಂಡೆ. ಅವತ್ತು ಅವರ ಮನೆಯಲ್ಲಿ ಕಾಫಿಯನ್ನೂ ಕುಡಿಯಲಿಲ್ಲ.

ಮೊನ್ನೆ ಸಂಜೆ ನಾನು ಮಾವನ ಮನೆಯಲ್ಲಿದ್ದಾಗ ಹೊಲದಿಂದ ಚಿಕ್ಕಮಾವ ಕೂಗಿದರು, "ಅಣ್ಣೋ, ಆನೆ ಬಂದದೆ, ಬಿರ್ನೆ ಬಾ." ಮಾವ ಖಾಲಿ ಎಣ್ಣೆ ಡಬ್ಬ, ಒಂದು ಕೋಲು ಎತ್ತಿಕೊಂಡು ಓಡಿದರು. ಅಷ್ಟೊಂದು ಪಟಾಕಿ ಇಟ್ಟುಕೊಂಡು ಡಬ್ಬವೇ? ಸಿಟ್ಟಿನಿಂದ ನಾನೇ ಟ್ರಂಕು ಎಳೆದು ತೆರೆದೆ. ಒಂದು ಪಟಾಕಿಗೂ ಬತ್ತಿ ಇರಲಿಲ್ಲ. ಎಲ್ಲ ಬತ್ತಿಗಳನ್ನೂ ಬುಡಸಮೇತ ಕಿತ್ತುಹಾಕಿದ್ದರು.

ಊರವರೆಲ್ಲ ಸೇರಿ ಡಬ್ಬ ಬಡಿದು, ಆನೆ ಕಾಡಿನತ್ತ ಸರಿದ ಮೇಲೆ ಮಾವನನ್ನು ಬದುವಿಗೆ ಕರೆದು ಕೇಳಿದೆ. ಅವರು ದನಿ ತಗ್ಗಿಸಿದರು.

"ಅವ್ನ ಬೆರಳು ತಿಂದ ಪಟಾಕಿ ಕೊಟ್ಟೋನು ನಾನೇ ಕಣ್ಲಾ. ಅವತ್ತೇ ಬತ್ತಿ ಕಿತ್ತಾಕ್ದೆ. ಟ್ರಂಕು ಅದೆ ಅಂದ್ರೆ ನನ್ನ ಕರೀತಾನೆ. ಬತ್ತಿ ಇಲ್ಲ ಅಂತ ಗೊತ್ತಾದ್ರೆ, ತಾನೇ ತಂದು ಹಚ್ಚಾಕೆ ಓಯ್ತಾನೆ."

ಇಷ್ಟು ದಿನ ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಚಿಕ್ಕಮಾವ ಹತ್ತಿರ ಬಂದರು.

"ಪಟಾಕಿ ಯಾಕಣ್ಣ ತರ್ನಿಲ್ಲ?"

ಮಾವ ನನ್ನ ಮುಖ ನೋಡಿದರು.

"ನೆಲದ ಥಂಡಿಗೆ ಮೆತ್ತಗಾಗವೆ, ಒಣಗಬೇಕು" ಎಂದೆ ನಾನು. ಮನೆಗೆ ಬಂದು ಟ್ರಂಕಿಗೆ ಬೀಗ ಜಡಿದು, ಬೀಗದಕೈಯನ್ನು ಮಾವನ ಕೈಗೆ ಕೊಟ್ಟೆ.