ಬದುಕಿರುವ ತಮಗೆ ನಾವು ಹಚ್ಚಿದ ಮೇಣದಬತ್ತಿಗಳ ಕುರಿತು

ಗ್ರಾಮೀಣಾಭಿವೃದ್ಧಿ ವಿಭಾಗದ ಮುಖ್ಯಸ್ಥರೂ ನಮ್ಮ ಬಸ್ ತಂಗುದಾಣದ ಜನಕರೂ ಆದ ಶ್ರೀ ಪ್ಲಾಮೆನ್ ಆಸೆನೊವ್ ಅವರ ಸನ್ನಿಧಿಗೆ,

ಮಾನ್ಯರೇ,

ಬಲ್ಗೇರಿಯಾದ ಈ ಮೂಲೆಯ ಗೋರ್ನೊ ಲಿಪೊವೊ ಗ್ರಾಮದ ಸಮಸ್ತರ ಪರವಾಗಿ, ಇಲ್ಲಿನ ಗ್ರಂಥಾಲಯಕ್ಕೆ ಬೀಗ ಬೀಳುವವರೆಗೂ ಅದನ್ನು ನೋಡಿಕೊಂಡಿದ್ದ ರಾಯ್ನಾ ವೆಲ್ಕೊವಾ ಎಂಬ ನಾನು, ತಮಗೆ ಮೊದಲು ವಂದನೆಗಳನ್ನೂ ಆಮೇಲೆ ತಾವು ಜೀವಂತವಾಗಿರುವುದಕ್ಕೆ ಅಭಿನಂದನೆಗಳನ್ನೂ ಸಲ್ಲಿಸುತ್ತೇನೆ. ತಂಗುದಾಣದ ಬಳಿ ಇನ್ನು ಮುಂದೆ ಯಾವುದೇ ಧಾರ್ಮಿಕ ವಿಧಿ ನಡೆಸಕೂಡದೆಂದು ತಮ್ಮ ಕಚೇರಿಯಿಂದ ಬಂದ ಖಾರವಾದ ಕಾಗದ ಓದಿ, ತಾವು ನೊಂದಿದ್ದೀರೆಂದು ತಿಳಿಯಿತು. ತಾವು ತೀರಿಕೊಂಡಿದ್ದೀರೆಂದು ಭಾವಿಸಿದ್ದು ನಮ್ಮದೇ ತಪ್ಪು, ಒಪ್ಪಿಕೊಂಡೆವು. ಆದರೆ ಹಾಗೆ ಭಾವಿಸುವಂತೆ ಮಾಡಿದ್ದು ತಮ್ಮ ಫಲಕವೆಂಬುದನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲಿಗೆ ತಂಗುದಾಣದ ಸೊಬಗನ್ನು ಹೊಗಳದೆ ಮುಂದೆ ಹೋದರೆ ನಾಲಿಗೆ ಸೇದಿಹೋದೀತು. ಯುರೋಪಿನ ದುಡ್ಡಿನಲ್ಲಿ ಎದ್ದುನಿಂತ ಈ ಗಾಜಿನ ಮನೆಯಲ್ಲಿ ಬಸ್ ಎಷ್ಟು ಹೊತ್ತಿಗೆ ಬರುತ್ತದೆಂದು ತೋರಿಸುವ ಪರದೆಯಿದೆ. ಬಸ್ಸನ್ನು ತಾವು ಅದಕ್ಕೂ ಮೊದಲೇ ನಿಲ್ಲಿಸಿದ್ದರಿಂದ ಪರದೆ ಒಂದು ಸಲವೂ ತಪ್ಪು ಹೇಳಿಲ್ಲ. ಇಷ್ಟು ಚೆಂದದ ತಂಗುದಾಣ ಕೊಟ್ಟ ಮೇಲೆ ಬಸ್ಸನ್ನೂ ಕೇಳುವಷ್ಟು ದುರಾಸೆಯವರು ನಾವಲ್ಲ.

ಆದರೆ ಈ ಗಾಜಿಗೆ ಜಾಗ ಮಾಡಲು ತಾವು ಕೆಡವಿಸಿದ ಹಳೆಯ ಕಾಂಕ್ರೀಟ್ ನಿಲ್ದಾಣಕ್ಕೆ ಇನ್ನೊಂದು ಕೆಲಸವಿತ್ತೆಂಬುದು ತಮ್ಮ ನಕ್ಷೆಯಲ್ಲಿ ಕಾಣದೆ ಹೋಗಿರಬಹುದು. ಕಮ್ಯುನಿಸ್ಟ್ ಪಕ್ಷದ ಕಾಲದಲ್ಲಿ ಅದರ ಗೋಡೆಗೆ ಸಹಕಾರಿ ಕೊಟ್ಟಿಗೆಯಲ್ಲಿ ಅತಿ ಹೆಚ್ಚು ಹಾಲು ಕರೆದವರ ಫೋಟೊ ಅಂಟಿಸುತ್ತಿದ್ದರು. ಪಕ್ಷ ಹೋಯಿತು, ಹಸುಗಳೂ ಹೋದವು. ಆಮೇಲೆ ಹಾಲು ಕರೆದವರ ಅವೇ ಮುಖಗಳು ಕಪ್ಪು ಚೌಕಟ್ಟಿನ ಶ್ರದ್ಧಾಂಜಲಿ ಹಾಳೆಗಳಾಗಿ ಅದೇ ಗೋಡೆಗೆ ಮರಳಿ ಬಂದವು. ಸತ್ತವರ ನಲವತ್ತನೆಯ ದಿನಕ್ಕೆ, ಆರನೆಯ ತಿಂಗಳಿಗೆ, ವರ್ಷಕ್ಕೆ ನಾವು ಯಾರ ಮನೆಗೂ ಹೋಗಿ ಕರೆಯುವುದಿಲ್ಲ. ಹಾಳೆಯೇ ಕರೆಯುತ್ತದೆ. ಅರ್ಧ ಊರು ಸ್ಪೇನಿನಲ್ಲಿ ಸ್ಟ್ರಾಬೆರಿ ಕೀಳುತ್ತಿರುವಾಗ, ಉಳಿದವರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪುತ್ತಿದ್ದದ್ದು ಆ ಗೋಡೆಯಿಂದ.

ಕಳೆದ ಚಳಿಗಾಲ ನನ್ನ ನೆರೆಯ ಝೆಲ್ಯಾಜ್ಕಾಳ ಗಂಡ ಗಾಂಚೊ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡ. ಹಿಮ ಬಿದ್ದಿದ್ದರಿಂದ ಮಣ್ಣಿಗೆ ಬಂದವರು ಕಡಿಮೆ. ನಲವತ್ತನೆಯ ದಿನದ ಹಾಳೆಯನ್ನು ಅವಳು ತಮ್ಮ ಗಾಜಿಗೆ ಅಂಟಿಸಿದಳು, ತಮ್ಮ ನೌಕರ ಬಿಸಿನೀರು ಹಾಕಿ ಕೆರೆದು ತೆಗೆದ. ಅವನನ್ನು ದೂರುವುದಿಲ್ಲ, ಕಾಗದ ಅಂಟಿಸಬಾರದೆಂದು ಅಲ್ಲೇ ಬರೆದಿದೆಯಲ್ಲ. ಅವಳು ಸಂಪ್ರದಾಯದಂತೆ ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ, ಊರಿಗೆಲ್ಲ ಆಗುವಷ್ಟು ಮಾಡಿ ಅಂಗಳದಲ್ಲಿ ಮೇಜು ಹಾಕಿ ಕಾದಳು. ಹೋದವಳು ನಾನೊಬ್ಬಳೇ. ಸಂಜೆ ಅವಳು ಮೇಜುಬಟ್ಟೆ ಮಡಿಸುತ್ತ, “ಅಷ್ಟೊಂದು ಕೆಟ್ಟವನಾಗಿದ್ನೇನೇ ರಾಯ್ನಾ, ನನ್ನ ಗಂಡ?” ಎಂದು ಕೇಳಿದಳು. ಮಾನ್ಯರೇ, ಆ ದಿನ ತಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಈ ಪತ್ರದ ಮರ್ಯಾದೆಗಾಗಿ ಇಲ್ಲಿ ಬರೆಯುವುದಿಲ್ಲ.

ಹೀಗಿರುವಾಗ ವಸಂತದಲ್ಲಿ ಅದೇ ಗಾಜಿನ ಮೇಲೆ ತಮ್ಮ ಫಲಕ ಪ್ರತ್ಯಕ್ಷವಾಯಿತು. ನಡುವೆ ತಮ್ಮ ಮಂದಹಾಸದ ಭಾವಚಿತ್ರ, ಸುತ್ತ ಕಪ್ಪು ಚೌಕಟ್ಟು, ಕೆಳಗೆ ತಮ್ಮ ಹೆಸರು, ಅದರ ಕೆಳಗೆ ಎರಡು ತಾರೀಕು. ಅವು ಕಾಮಗಾರಿ ಶುರುವಾದ ಮತ್ತು ಮುಗಿದ ದಿನಗಳೆಂದು ಇರುವೆಯಷ್ಟು ಅಕ್ಷರದಲ್ಲಿ ಬರೆದದ್ದು, ಕನ್ನಡಕ ಮನೆಯಲ್ಲಿ ಬಿಟ್ಟು ಬರುವ ನಮಗೆ ಕಾಣಲಿಲ್ಲ. ನಡುವೆ ಬರೀ ಮೂರು ವರ್ಷವಿದ್ದದ್ದನ್ನು ಗಮನಿಸಿದವನು ಕಮ್ಮಾರ ಇಲ್ಚೊ ಒಬ್ಬನೇ, ಅವನೂ ಅದು ತಮ್ಮ ಸರ್ವಿಸ್ ಇರಬೇಕೆಂದು ನಿಟ್ಟುಸಿರು ಬಿಟ್ಟ. ಝೆಲ್ಯಾಜ್ಕಾ ಮಾತ್ರ ಫೋಟೊ ನೋಡುತ್ತ ಬಹಳ ಹೊತ್ತು ನಿಂತು, “ಪಾಪ, ಇನ್ನೂ ಚಿಕ್ಕ ವಯಸ್ಸು ಕಣೇ. ಇವನಿಗಾದ್ರೂ ನಾಲ್ಕು ಜನ ಸೇರಬೇಕು” ಎಂದು ಮನೆಗೆ ಹೋಗಿ ಗೋಧಿ ನೆನೆಹಾಕಿದಳು.

ಶನಿವಾರ ಇಡೀ ಊರು ಬಂತು, ಏಕೆಂದರೆ ಇಡೀ ಊರು ಹಾಳೆ ನೋಡಿತ್ತು. ತಮ್ಮ ಬೆಂಚಿನ ಮೇಲೆ ಮೇಣದಬತ್ತಿ ಹಚ್ಚಿದೆವು, ನೆಲಕ್ಕೆ ವೈನ್ ಚಿಮುಕಿಸಿದೆವು, ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಾದ್ದರಿಂದ ಎಲ್ಲರೂ ಸ್ವಲ್ಪ ಹೊತ್ತು ಯೋಚಿಸಿದೆವು. ಕೊನೆಗೆ ಇಲ್ಚೊ, “ಮಾತು ಕೊಡೋದ್ರಲ್ಲಿ ಧಾರಾಳಿ” ಎಂದಾಗ ಎಲ್ಲರಿಗೂ ಹಗುರವಾಯಿತು. ಅಷ್ಟರಲ್ಲಿ ತಾವೇ ಛಾಯಾಗ್ರಾಹಕರ ಸಮೇತ ಕಾರಿನಿಂದ ಇಳಿದಿರಿ. ಉದ್ಘಾಟನೆ ಅಂದೇ ಎಂಬುದು ನಮಗೆ ಹೇಗೆ ಗೊತ್ತಾಗಬೇಕು, ಆಹ್ವಾನ ಅಂಟಿಸಲು ಊರಲ್ಲಿ ಜಾಗವಿರಲಿಲ್ಲ. ಝೆಲ್ಯಾಜ್ಕಾ ತಮ್ಮನ್ನೊಮ್ಮೆ ಫಲಕವನ್ನೊಮ್ಮೆ ನೋಡಿ, ಶಿಲುಬೆಯ ಗುರುತು ಹಾಕಿಕೊಂಡು, ಗೋಧಿಯ ಲೋಟ ಮುಂದೆ ಹಿಡಿದಳು. “ತಗೋ ಮಗಾ, ನಿನ್ನ ಹೆಸರಲ್ಲೇ ಬೇಯಿಸಿದ್ದು.” ತಾವು ಸಂತೋಷದಿಂದ ತಿಂದು ಇನ್ನೂ ಸ್ವಲ್ಪ ಕೇಳಿದಿರಿ. ಸತ್ಯ ತಿಳಿದಾಗ ತಮ್ಮ ಮುಖಕ್ಕೆ ಬಂದ ಬಣ್ಣ ಛಾಯಾಚಿತ್ರದಲ್ಲಿ ಚೆನ್ನಾಗಿ ಬಂದಿದೆಯೆಂದು ಕೇಳಿದೆ.

ಈಗ ನಮ್ಮ ಬೇಡಿಕೆ. ಬರುವ ಚಳಿಗಾಲಕ್ಕೆ ಗಾಂಚೊ ಹೋಗಿ ವರ್ಷ ತುಂಬುತ್ತದೆ. ಇನ್ನೊಮ್ಮೆ ಖಾಲಿ ಮೇಜಿನ ಮುಂದೆ ಕೂರುವ ಶಕ್ತಿ ಝೆಲ್ಯಾಜ್ಕಾಳಿಗಿಲ್ಲ. ಆದ್ದರಿಂದ ಫಲಕದಲ್ಲಿರುವ ತಾವು ಎಡಭುಜವನ್ನು ಕೊಂಚ ಒಳಗೆಳೆದುಕೊಂಡು ಗಾಂಚೊನ ಒಂದು ಫೋಟೊಗೆ ಎಡೆ ಮಾಡಿಕೊಡಬೇಕಾಗಿ ಕೋರುತ್ತೇವೆ. ಅಭಿವೃದ್ಧಿ ಮಾಡಿದವರಿಗೆ ಮಾತ್ರ ಗಾಜಿನ ಮೇಲೆ ಸ್ಥಳವೆಂದಾದರೆ, ಹಳೆಯ ನಿಲ್ದಾಣ ಕಟ್ಟಿದ ಗಾರೆಯವನು ಅವನೇ. ಅವನ ಕಾಲದಲ್ಲಿ ಅಲ್ಲಿಗೆ ಬಸ್ಸೂ ಬರುತ್ತಿತ್ತು. ಇದಕ್ಕೂ ನಿಯಮ ಬಿಡದಿದ್ದರೆ, ಆ ದಿನ ತಮ್ಮ ಫೋಟೊದ ಕೆಳಗೇ ಒಂದು ಬತ್ತಿ ಹಚ್ಚಲು ಅಪ್ಪಣೆಯಾಗಲಿ. ತಮ್ಮನ್ನು ಕಂಡು ಜನ ಬರುತ್ತಾರೆ. ಬಂದವರಿಗೆ ಅದು ಗಾಂಚೊನ ವರ್ಷವೆಂದು ನಾವು ಹೇಳಿಕೊಳ್ಳುತ್ತೇವೆ.

ತಮ್ಮ ದೀರ್ಘಾಯುಷ್ಯವನ್ನು ಈಗ ಖಚಿತ ಮಾಹಿತಿಯ ಮೇಲೆ ಹಾರೈಸುವ,

ತಮ್ಮ ವಿಶ್ವಾಸಿ,
ರಾಯ್ನಾ ವೆಲ್ಕೊವಾ

ಮತ್ತೊಂದು ಮಾತು, ಝೆಲ್ಯಾಜ್ಕಾ ಹೇಳಿ ಬರೆಸಿದ್ದು: ತಮ್ಮ ನಿಜವಾದ ಹಾಳೆ ಬರುವ ಕಾಲ ಬಹಳ ದೂರವಿರಲಿ. ಬಂದಾಗ ಮಾತ್ರ ಒಂದು ಪ್ರತಿಯನ್ನು ನಮ್ಮೂರಿಗೂ ಕಳಿಸುವಂತೆ ಮನೆಯವರಿಗೆ ಹೇಳಿಡಿ. ಗಾಜಿಗೆ ಕಾಗದ ಅಂಟಿಸಬಾರದೆಂಬ ತಮ್ಮ ನಿಯಮ ಆಗಲೂ ಇದ್ದರೆ ಮುರಿಯಲು ನಾವಿದ್ದೇವೆ. ಬೇಯಿಸಿದ ಗೋಧಿ ಆರಿ ತಣ್ಣಗಾಗುವವರೆಗೂ ತಮ್ಮ ಹೆಂಡತಿ ಒಬ್ಬಳೇ ಕಾಯುವಂತಾಗಬಾರದು.