ಕಪಾಟಿನಲ್ಲಿದ್ದ ಅಧ್ಯಕ್ಷರ ಪಾಸ್‌ಪೋರ್ಟ್

೧೯೯೦ನೇ ಇಸವಿ ಆಗಸ್ಟ್ ಎರಡನೇ ತಾರೀಕು ಗುರುವಾರ, ಕಚೇರಿ ತೆರೆಯುವ ಮೊದಲೇ ಕುವೈತ್ ದೇಶವು ಪಕ್ಕದ ದೇಶದ ವಶವಾಗಿತ್ತು. ಈ ಬಗ್ಗೆ ನೌಕರರಿಗೆ ಮುಂಚಿತವಾಗಿ ಯಾವ ಸುತ್ತೋಲೆಯೂ ಬಂದಿರಲಿಲ್ಲ.

ಬಂದಿರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲವನು ಲೋಕನಾಥ ಒಬ್ಬನೇ. ದೂತಾವಾಸಕ್ಕೆ ಬರುವ ಕಾಗದಗಳಿಗೆಲ್ಲ ನಂಬರು ಹಾಕಿ ಮೊಹರು ಒತ್ತುವ ಗುಮಾಸ್ತ ಅವನು. ದೂತಾವಾಸ ಯಾವ ದೇಶದ್ದೆಂದು ಹೇಳುವುದು ಬೇಡ. ಸಣ್ಣ ದೇಶ, ಬೇಗ ಬೇಜಾರು ಮಾಡಿಕೊಳ್ಳುತ್ತದೆ. ಲೋಕನಾಥನದು ಬೆಳ್ಮಣ್ಣಿನ ಕಡೆಯ ಹಳ್ಳಿ. ರಾಯಭಾರಿಯ ಬಾವುಟದ ಕಾರಿಗೆ ಒರಗಿ ತೆಗೆಸಿಕೊಂಡ ಅವನ ಫೋಟೋ ಊರಿನ ಮೂರು ಮನೆಗಳ ಗೋಡೆಯಲ್ಲಿತ್ತು. ಮೂರನೆಯದು ಹರಿಣಾಕ್ಷಿಯ ಮನೆ. ಡಿಸೆಂಬರ್ ಒಂಬತ್ತಕ್ಕೆ ಅವರಿಬ್ಬರ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಹೊರಡಲು ಬೇಕಾದ ಪಾಸ್‌ಪೋರ್ಟ್ ಮಾತ್ರ, ಗಲ್ಫಿನ ಪದ್ಧತಿಯಂತೆ, ಕೆಲಸ ಕೊಟ್ಟವರ ಕಬ್ಬಿಣದ ಕಪಾಟಿನಲ್ಲಿತ್ತು.

ರಾಯಭಾರಿಗಳು ಬೇಸಿಗೆ ರಜೆಯಲ್ಲಿ ತಮ್ಮ ದೇಶಕ್ಕೆ ಹೋಗಿದ್ದರು. ಆಗಸ್ಟ್ ಇಪ್ಪತ್ತನಾಲ್ಕರೊಳಗೆ ಎಲ್ಲ ದೂತಾವಾಸಗಳೂ ಇಲ್ಲಿ ಮುಚ್ಚಿ ಬಗ್ದಾದಿಗೆ ಹೋಗತಕ್ಕದ್ದೆಂದು ಹೊಸ ಆಡಳಿತ ಆಜ್ಞೆ ಮಾಡಿತು. ಲೋಕನಾಥ ಆ ಆಜ್ಞೆಗೆ ನಂಬರು ಹಾಕಿ, 'ಕಾರ್ಯಸ್ಥಳದಲ್ಲಿ ಬದಲಾವಣೆಗಳು' ಎಂಬ ಹೊಸ ಫೈಲು ತೆರೆದ. ಕಚೇರಿಯ ಕಾರ್ಯದರ್ಶಿ ಸಾಹೇಬರು ಪೆಟ್ಟಿಗೆ ಕಟ್ಟಿ ಹೊರಡುವಾಗ ಕಪಾಟಿನ ಕೀಲಿಕೈ ಯಾರಿಗೆ ಕೊಡುವುದೆಂಬ ಪ್ರಶ್ನೆ ಎದ್ದಿತು. ಒಬ್ಬ ನೌಕರನಿಗೆ ಕೊಡಲು ನಿಯಮವಿರಲಿಲ್ಲ. ಸಂಘಕ್ಕೆ ಕೊಡಬಾರದೆಂಬ ನಿಯಮವೂ ಇರಲಿಲ್ಲ. ಹಾಗಾಗಿ ಅರ್ಧ ಗಂಟೆಯಲ್ಲಿ 'ದೂತಾವಾಸ ಸ್ಥಳೀಯ ನೌಕರರ ಆಸರೆ ಸಂಘ' ಹುಟ್ಟಿತು. ಸದಸ್ಯರು ಒಂಬತ್ತು. ಅಧ್ಯಕ್ಷ ಲೋಕನಾಥ.

ನಿಯಮಾವಳಿಯನ್ನು ಅವನೇ ಬರೆದ. ಇಂಥದ್ದು ಬರೆಯಲು ಕುವೈತಿನಲ್ಲಿ ತನ್ನನ್ನು ಬಿಟ್ಟರೆ ಜನ ಇಲ್ಲ ಎಂದು ಬರೆಯುವ ಮೊದಲೇ ಹೇಳಿದ್ದ. ಡ್ರೈವರ್ ಶರೀಫನ ಮೇಲೆ ಅವನಿಗೆ ಸಣ್ಣ ಗುಮಾನಿ ಇದ್ದುದರಿಂದ ನಾಲ್ಕನೇ ನಿಯಮ ಹೀಗಾಯಿತು: ಪಾಸ್‌ಪೋರ್ಟ್ ಕೊಡುವವನೂ ತೆಗೆದುಕೊಳ್ಳುವವನೂ ಒಬ್ಬನೇ ಆಗಿರತಕ್ಕದ್ದಲ್ಲ. ಐದನೆಯದನ್ನು ಬರೆಯುವಾಗ ಅವನಿಗೆ ಮುಳುಗುವ ಹಡಗಿನಲ್ಲಿ ನಿಂತ ಕಪ್ತಾನನ ನೆನಪಾಗಿತ್ತು: ಕಟ್ಟಕಡೆಯ ಸದಸ್ಯನು ಸುರಕ್ಷಿತವಾಗಿ ಹೊರಟ ನಂತರವೇ ಅಧ್ಯಕ್ಷರು ತಮ್ಮ ಪಾಸ್‌ಪೋರ್ಟ್ ಪಡೆದು ಹೊರಡತಕ್ಕದ್ದು. ಆರನೆಯದು, ಈ ನಿಯಮಗಳನ್ನು ಬದಲಿಸಲು ಒಂಬತ್ತೂ ಕೈ ಏಳಬೇಕು. ಸದಸ್ಯರು ಚಪ್ಪಾಳೆ ತಟ್ಟಿದರು. ಶರೀಫ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಕುವೈತಿನ ಮೈದಾನ್ ಹವಲ್ಲಿ ಬಡಾವಣೆಯಿಂದ ಬಸ್ಸಿನಲ್ಲಿ ಬಸ್ರಾ, ಬಗ್ದಾದ್ ದಾಟಿ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಊರಿಗೆ ಜನ ಹೊರಟಿದ್ದರು. ಬಸ್ಸು ಇದ್ದಾಗಲೆಲ್ಲ ಲೋಕನಾಥ ಒಬ್ಬೊಬ್ಬರಿಗೆ ಪಾಸ್‌ಪೋರ್ಟ್ ಕೊಟ್ಟು, ಸಹಿ ತೆಗೆದುಕೊಂಡು, ಐದು ನಿಮಿಷಕ್ಕೆ ಕಡಿಮೆಯಿಲ್ಲದ ಭಾಷಣ ಮಾಡಿ ಕಳಿಸಿಕೊಟ್ಟ. ನಡುವೆ ಸಿಪಾಯಿಗಳು ಬಂದು ಕುರ್ಚಿ, ಏಸಿ, ಟೈಪ್‌ರೈಟರ್ ಹೊತ್ತುಕೊಂಡು ಹೋದರು. ಲೋಕನಾಥ ಅವರಿಂದ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡ. 'ಭೇಟಿಯ ಉದ್ದೇಶ' ಎಂಬಲ್ಲಿ ಏನು ಬರೆಯುವುದೆಂದು ಒಬ್ಬ ಸಿಪಾಯಿ ಕೇಳಿದಾಗ 'ಖಾಸಗಿ' ಎಂದು ಬರೆಸಿದ. ಕಪಾಟು ಅಲುಗಲಿಲ್ಲ, ಹಾಗಾಗಿ ಉಳಿಯಿತು.

ಅಕ್ಟೋಬರ್ ಹೊತ್ತಿಗೆ ಉಳಿದವರು ಇಬ್ಬರು: ಅಧ್ಯಕ್ಷ ಮತ್ತು ಅಡುಗೆಯ ಕಾಸಿಂ ಕುಂಞಿ. ಉಳ್ಳಾಲದ ಕಾಸಿಂ ಕುಂಞಿಗೆ ಇಪ್ಪತ್ತೆರಡು ವರ್ಷದ ಸರ್ವಿಸು. ರಜೆ ಮಂಜೂರಾಗದೆ ಅವರು ಒಂದು ದಿನವೂ ಹೋದವರಲ್ಲ. ಜುಲೈಯಲ್ಲಿ ಕೊಟ್ಟ ಅರ್ಜಿಗೆ ರಾಯಭಾರಿಗಳ ಸಹಿ ಬಿದ್ದಿರಲಿಲ್ಲ. ಆದುದರಿಂದ ಯುದ್ಧದ ವಿಷಯ ಅವರಿಗೆ ಅನ್ವಯಿಸುತ್ತಿರಲಿಲ್ಲ.

ಕೊನೆಯ ಬಸ್ಸು ಶನಿವಾರ ಎಂದು ಸುದ್ದಿ ಬಂತು. ಶುಕ್ರವಾರ ಬೆಳಗ್ಗೆ ಲೋಕನಾಥ ತುರ್ತು ಮಹಾಸಭೆ ಕರೆದು, ರಾಯಭಾರಿಗಳ ಪರವಾಗಿ ಸಂಘವೇ ರಜೆ ಮಂಜೂರು ಮಾಡಿದೆಯೆಂದು ಠರಾವು ಬರೆದು ಮೊಹರು ಒತ್ತಿದ. ಕಾಸಿಂ ಕುಂಞಿ ಮೊಹರನ್ನು ಬೆಳಕಿಗೆ ಹಿಡಿದು ನೋಡಿ, ಒಪ್ಪಿ, ತಮ್ಮ ಪಾಸ್‌ಪೋರ್ಟ್ ಪಡೆದದ್ದಕ್ಕೆ ಸಹಿ ಹಾಕಿದರು.

"ಇನ್ನು ನಿಂದು ತೆಗಿ ಲೋಕು," ಎಂದರು. "ಕೀಲಿಕೈ ನನ್ನ ಕೈಗೆ ಕೊಡು, ನಾನೇ ತೆಗ್ದು ಕೊಡ್ತೇನೆ. ಒಟ್ಟಿಗೆ ಹೋಗುವ."

"ಅದು ಹೇಗೆ ಆಗ್ತದೆ ಕಾಸಿಂ ಕಾಕ? ನೀವು ಹೊರಟ ಮೇಲೆ ಅಲ್ವಾ ನಾನು ತೆಗೊಳ್ಳುವುದು? ಐದನೇ ನಿಯಮ."

"ಸರಿ, ನಾನು ಹೊರಟೆ ಅಂತ ಇಟ್ಕೊ. ಮತ್ತೆ ನಿಂಗೆ ಕೊಡುವುದು ಯಾರು?"

ಲೋಕನಾಥ ನಿಯಮಾವಳಿಯ ಎರಡೂ ಪುಟಗಳನ್ನು ತಿರುವಿದ. ಕಪಾಟು ಆರು ಅಡಿ ದೂರದಲ್ಲಿತ್ತು. ಕೀಲಿಕೈ ಅವನ ಅಂಗಿಯ ಜೇಬಿನಲ್ಲಿತ್ತು.

"ನಾಲ್ಕನೇ ನಿಯಮದಲ್ಲಿ ತೊಂದರೆ ಉಂಟು," ಎಂದ.

"ಹರಿದು ಬಿಸಾಡು ಮಾರಾಯ. ಬರ್ದವನು ನೀನೇ ಅಲ್ವಾ?"

"ನಾನು ಬರೆದದ್ದು ಅಂತಲೇ ಹರಿಯಲಿಕ್ಕೆ ಆಗುವುದಿಲ್ಲ."

ಕಾಸಿಂ ಕುಂಞಿ ಅಡುಗೆಮನೆಯಲ್ಲಿ ಅಕ್ಕಿ ಎಲ್ಲಿದೆ, ಒಣಮೀನು ಎಲ್ಲಿದೆ ಎಂದು ತೋರಿಸಿ, ಶನಿವಾರದ ಬಸ್ಸು ಹತ್ತಿದರು. ಲೋಕನಾಥ ಐದು ನಿಮಿಷದ ಭಾಷಣ ಮಾಡಿದ. ಡಿಸೆಂಬರ್ ಒಂಬತ್ತರಂದು ಕಚೇರಿಯ ಹಾಜರಿ ಪುಸ್ತಕದಲ್ಲಿ ಅವನ ಸಹಿ ಇದೆ. ಜನವರಿಯಲ್ಲಿ ಬಾಂಬು ಬೀಳತೊಡಗಿದ ದಿನಗಳಲ್ಲೂ ಇದೆ; ಅಕ್ಷರ ಸ್ವಲ್ಪ ಸೊಟ್ಟಗಿದೆ.

ಫೆಬ್ರವರಿ ಕೊನೆಗೆ ಕುವೈತ್ ಮತ್ತೆ ಕುವೈತ್ ಆಯಿತು. ಇದಕ್ಕೂ ಸುತ್ತೋಲೆ ಬರಲಿಲ್ಲ. ಎಣ್ಣೆ ಬಾವಿಗಳ ಹೊಗೆಯ ನಡುವೆ ಏಪ್ರಿಲ್‌ನಲ್ಲಿ ಮರಳಿದ ರಾಯಭಾರಿಗಳು ಖಾಲಿ ಕಚೇರಿಯಲ್ಲಿ ನಿಂತು ಹಾಜರಿ ಪುಸ್ತಕ ತೆರೆದರು. ಇಂಥ ನೌಕರ ಯಾವ ದೇಶಕ್ಕೂ ಸಿಗಲಾರನೆಂದು ಹೊಗಳಿದರು. ಬಳಿಕ, ಶುಕ್ರವಾರದ ರಜೆಗಳಂದೂ ಸಹಿ ಹಾಕಿದ್ದೇಕೆಂದು ಅವನಿಂದ ವಿವರಣೆ ಕೇಳಿದರು.

ಕಾಸಿಂ ಕುಂಞಿಯ ರಜೆಯನ್ನು ಅಧಿಕಾರವಿಲ್ಲದವರು ಮಂಜೂರು ಮಾಡಿದ್ದರಿಂದ ಅದು ರಜೆಯೇ ಅಲ್ಲವೆಂದು ತೀರ್ಮಾನವಾಗಿ, ಮರಳಿ ಬಂದ ಎರಡನೇ ವಾರ ಅವರನ್ನು ಸರಿಯಾದ ರಜೆಯ ಮೇಲೆ ಇನ್ನೊಮ್ಮೆ ಊರಿಗೆ ಕಳಿಸಲಾಯಿತು. ಆಗಸ್ಟ್ ಹೊತ್ತಿಗೆ ಎಂಟೂ ಮಂದಿ ಕೆಲಸಕ್ಕೆ ಹಾಜರಾಗಿದ್ದರು. ಈಗ ಪಾಸ್‌ಪೋರ್ಟ್ ತೆಗೆದುಕೊಡಲು ಎಂಟು ಜೋಡಿ ಕೈ ಇದ್ದವು. ಲೋಕನಾಥ ಮದುವೆ ರಜೆಯ ಅರ್ಜಿಯನ್ನು ರಾಯಭಾರಿಗಳಿಗೆ ಕೊಟ್ಟ. ಅವರು ಅದನ್ನು ಸಂಘದ ಅಭಿಪ್ರಾಯಕ್ಕೆ ಕಳಿಸಿದರು.

"ಅಧ್ಯಕ್ಷರೇ," ಎಂದ ಶರೀಫ್ ಸಭೆಯಲ್ಲಿ ಎದ್ದು ನಿಂತು, "ಎಲ್ಲರೂ ಹೊರಟ ಮೇಲೆ ನೀವು. ನಾವು ಈಗ ವಾಪಸು ಬಂದಿದ್ದೇವಲ್ಲ."

ತಿದ್ದುಪಡಿಗೆ ಒಂಬತ್ತೂ ಕೈ ಏಳಬೇಕಿತ್ತು. ಎಂಟು ಎದ್ದವು. ಏಳದ ಕೈ ಲೋಕನಾಥನದ್ದು. ತನ್ನ ಸ್ವಂತ ಲಾಭದ ಠರಾವಿಗೆ ಅಧ್ಯಕ್ಷ ಕೈ ಎತ್ತುವುದು ಶೋಭೆಯಲ್ಲವೆಂದು ಅವನು ನಡಾವಳಿಯಲ್ಲಿ ದಾಖಲಿಸಿದ.

ವಿಷಯ ತಿಳಿದ ಹರಿಣಾಕ್ಷಿಯಿಂದ ಒಂದೇ ಸಾಲಿನ ಕಾಗದ ಬಂತು: "ಕೀಲಿಕೈ ನಿಮ್ಮ ಹತ್ತಿರವೇ ಉಂಟಲ್ಲ?" ಕಾಗದ ನಿಗದಿತ ನಮೂನೆಯಲ್ಲಿ ಇಲ್ಲವೆಂದು ಲೋಕನಾಥ ಪ್ರೀತಿಯಿಂದಲೇ ಹಿಂತಿರುಗಿಸಿದ, ನಮೂನೆಯನ್ನೂ ಲಗತ್ತಿಸಿದ. ಡಿಸೆಂಬರ್ ಮೊದಲ ವಾರ ಅವಳ ಅರ್ಜಿ ಮುಟ್ಟಿತು. ಗೆ: ಮಾನ್ಯ ಅಧ್ಯಕ್ಷರು. ವಿಷಯ: ವರನನ್ನು ಬಿಡುಗಡೆ ಮಾಡುವ ಕುರಿತು. ಉಲ್ಲೇಖ: ನಿಶ್ಚಿತಾರ್ಥ. ಊರ ಶಾಲೆಯ ಹೆಡ್‌ಮಾಸ್ತರರ ದೃಢೀಕರಣವೂ ಇತ್ತು. ಒಂದೇ ಒಂದು ತಪ್ಪಿರಲಿಲ್ಲ. ಲೋಕನಾಥನ ಕಣ್ಣು ಒದ್ದೆಯಾಯಿತು. ಹದಿನೇಳನೇ ನಂಬರು ಹಾಕಿ, ಮೊಹರು ಒತ್ತಿ, ಸಭೆಯ ಮುಂದಿಟ್ಟ.

ಸಭೆ ಅರ್ಜಿಯನ್ನು ತಾತ್ವಿಕವಾಗಿ ಒಪ್ಪಿತು. ಎಲ್ಲರಿಗಿಂತ ಕೊನೆಗೆ ನಿವೃತ್ತನಾಗುವವನು ಶರೀಫ್, ಇನ್ನು ಹನ್ನೊಂದು ವರ್ಷಕ್ಕೆ. ಅವನು ಊರಿಗೆ ಹೊರಟ ಮರುದಿನವೇ ಮದುವೆ ಎಂದು ಮುಹೂರ್ತ ನಿಗದಿಯಾಯಿತು. ತನ್ನಿಂದ ಒಂದು ದಿನವೂ ತಡವಾಗದೆಂದು ಶರೀಫ್ ಮಾತು ಕೊಟ್ಟ. ಹರಿಣಾಕ್ಷಿಯ ಮನೆಯವರು ಮರು ಟಪಾಲಿನಲ್ಲಿ ಕೃತಜ್ಞತೆ ತಿಳಿಸಿ, ಮದುವೆ ಛತ್ರ ಗೊತ್ತು ಮಾಡಲು ಸಂಘದ ಒಂದು ಪತ್ರ ಬೇಕೆಂದು ಕೇಳಿದರು.

ಲೋಕನಾಥ ಪತ್ರ ಬರೆದು ಕಳಿಸಿದ. ಕಪಾಟಿಗೆ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದ. ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು, ಆ ದಿನದ ಹಾಜರಿಗೆ ಸಹಿ ಹಾಕಿದ.