ಇನ್ನೂರು ಲೇಬಲ್, ಒಂದು ಕೆಂಪು ಕೋಳಿ

“ಸ್ವಲ್ಪ ಕುಳಿತುಕೊಂಡು ಕೇಳಿ ಖದೀಜಮ್ಮ. ಅಚ್ಚು ಹಾಕುವುದು ಅಂದರೆ ಒಂದೇ ರೀತಿ ಅಲ್ಲ, ನಾಲ್ಕು ರೀತಿ ಉಂಟು. ನನ್ನದು ಲೆಟರ್‌ಪ್ರೆಸ್. ಅಕ್ಷರದ ಮೊಳೆ ಉಬ್ಬಿಕೊಂಡಿರುತ್ತದೆ, ಆ ಉಬ್ಬಿಗೆ ರೋಲರ್ ಶಾಯಿ ಹಚ್ಚುತ್ತದೆ, ಕಾಗದ ಬಂದು ಒತ್ತಿಕೊಳ್ಳುತ್ತದೆ. ಮಣಿಪಾಲದಲ್ಲಿ ಆಫ್‌ಸೆಟ್ ಉಂಟು. ಅದರಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ, ಪ್ಲೇಟು ಚಪ್ಪಟೆ. ನೀರು ಇದ್ದಲ್ಲಿ ಎಣ್ಣೆಶಾಯಿ ಹಿಡಿಯುವುದಿಲ್ಲ, ಆ ಉಪಾಯದಲ್ಲಿ ಅಚ್ಚಾಗುತ್ತದೆ. ಮೂರನೆಯದು ಗ್ರೇವ್ಯೂರ್, ಬೊಂಬಾಯಿಯಲ್ಲಿ. ಸಿಲಿಂಡರಿನ ಮೈಯಲ್ಲೆಲ್ಲ ಸಣ್ಣ ಸಣ್ಣ ಗುಳಿ, ಗುಳಿಯಲ್ಲಿ ನೀರಿನ ಹಾಗೆ ತೆಳ್ಳಗಿನ ಶಾಯಿ, ಕ್ಷಣದಲ್ಲಿ ಒಣಗುತ್ತದೆ. ನಾಲ್ಕನೆಯದು ಸ್ಕ್ರೀನ್, ಬಟ್ಟೆಯಲ್ಲಿ ಸೋಸಿದ ಹಾಗೆ ಶಾಯಿ ಇಳಿಸುವುದು. ನನ್ನ ಶಾಯಿ ಅಗಸೆ ಎಣ್ಣೆಯಲ್ಲಿ ಅರೆದದ್ದು, ಬೆಣ್ಣೆಯ ಹಾಗೆ ದಪ್ಪ. ಅದು ಗಾಳಿ ಕುಡಿದು ಕುಡಿದು ನಿಧಾನಕ್ಕೆ ಗಟ್ಟಿಯಾಗಬೇಕು. ಅವಸರ ಮಾಡಿದರೆ ಆಗುವುದಿಲ್ಲ. ಅರ್ಥ ಆಯಿತಾ?”

ಖದೀಜಮ್ಮ ತಮ್ಮ ಹೆಬ್ಬೆರಳನ್ನು ಲೂಯಿಸರ ಮೂಗಿನ ಹತ್ತಿರ ಹಿಡಿದರು. ಬೆರಳು ಕೆಂಪಾಗಿತ್ತು.

ಖದೀಜಮ್ಮ: ಎಲ್ಲ ಅರ್ಥ ಆಯಿತು ಪೊರ್ಬುಗಳೇ. ಇದು ಆ ನಾಲ್ಕರಲ್ಲಿ ಯಾವ ರೀತಿ?

ಲೂಯಿಸ್: ಅದು ನೀವು ಒಣಗುವ ಮೊದಲು ಮುಟ್ಟಿದ ರೀತಿ.

ಸಾವಿರದ ಒಂಬೈನೂರ ಎಂಬತ್ತೆರಡರ ಜುಲೈ ತಿಂಗಳು. ಕಾಪು ಪೇಟೆಯ ಒಳದಾರಿಯಲ್ಲಿ ಊರವರು ಕ್ರೈಸ್ತರನ್ನು ಕರೆಯುವ ಹಾಗೆ ‘ಪೊರ್ಬುಗಳು’ ಎನ್ನುವ ಲೂಯಿಸರದ್ದು, ಕಾಲಿನಿಂದ ತುಳಿದು ನಡೆಸುವ ಒಂದೇ ಟ್ರೆಡಲ್ ಮೆಷಿನಿನ ಪ್ರೆಸ್ಸು. ಅದರ ಹಿಂದೆಯೇ ಖದೀಜಮ್ಮನ ಮನೆ. ಅವರ ಲಿಂಬೆ ಉಪ್ಪಿನಕಾಯಿಯ ಇಪ್ಪತ್ತನಾಲ್ಕು ಬಾಟಲಿಗಳನ್ನು ಅಳಿಯ ಸಯೀದ್ ದುಬೈಗೆ ಒಯ್ಯುವವನಿದ್ದ. ಹೆಸರು ಅಂಟಿಸದ ಬಾಟಲಿಯನ್ನು ಅಲ್ಲಿಯ ಅಂಗಡಿಯವರು ಒಳಗೆ ಸೇರಿಸುವುದಿಲ್ಲವಂತೆ. ಅದಕ್ಕೇ ಈ ಲೇಬಲ್; ಇನ್ನೂರಕ್ಕಿಂತ ಕಡಿಮೆಗೆ ಲೂಯಿಸ್ ಮೆಷಿನ್ ಹೂಡುವುದಿಲ್ಲ. ಸಯೀದನ ಬೊಂಬಾಯಿ ಬಸ್ಸು ನಾಲ್ಕು ಗಂಟೆಗೆ. ಈಗ ಗಂಟೆ ಒಂದು.

ಖದೀಜಮ್ಮ: ನಿನ್ನೆ ಬೆಳಿಗ್ಗೆ ಅಚ್ಚು ಹಾಕಿದ್ದು. ಹಪ್ಪಳ ಆಗಿದ್ದರೂ ಇಷ್ಟು ಹೊತ್ತಿಗೆ ಒಣಗುತ್ತಿತ್ತು.

ಲೂಯಿಸ್: ಹೊರಗೆ ನೋಡಿ ಮಾರಾಯ್ರೇ, ಗಾಳಿ ತುಂಬ ನೀರು. ಶಾಯಿ ಎಂತ ಕುಡಿಯುವುದು?

ಖದೀಜಮ್ಮ: ಒಣಗಲಿಕ್ಕೆ ಎಂತಾದರೂ ಹಾಕುವುದಿಲ್ಲವಾ?

ಲೂಯಿಸ್: ಡ್ರೈಯರ್ ಅಂತ ಉಂಟು. ಉಡುಪಿಯಿಂದ ಬರಬೇಕು.

ಖದೀಜಮ್ಮ: ಯಾವಾಗ ಬರುತ್ತದೆ?

ಲೂಯಿಸ್: ನಾನು ಹೋಗಿ ತಂದಾಗ.

ಖದೀಜಮ್ಮ: ನೀವು ಯಾವಾಗ ಹೋಗುವುದು?

ಲೂಯಿಸ್: ನಿಮ್ಮ ಲೇಬಲ್ ಮುಗಿದ ಮೇಲೆ. ಕಪ್ಪು ಸಾಕು ಅಂತ ನಾನು ಮೊದಲೇ ಹೇಳಿದ್ದೆ. ಉಪ್ಪಿನಕಾಯಿಯ ಬಣ್ಣವೇ ಬೇಕು ಅಂತ ಒಂದು ಚಮಚ ತಂದು ನನ್ನ ಶಾಯಿಯ ಕಲ್ಲಿನ ಮೇಲೆ ಇಟ್ಟವರು ಯಾರು?

ಖದೀಜಮ್ಮ: ಅದು ಎಲ್ಲಿ ಹೋಯಿತು?

ಲೂಯಿಸ್: ಗಂಜಿಗೆ ನೆಂಚಿಕೊಂಡೆ.

ಖದೀಜಮ್ಮ: ಯಾವುದನ್ನು? ಉಪ್ಪಿನಕಾಯಿಯನ್ನೋ, ಶಾಯಿಯನ್ನೋ?

ಲೂಯಿಸ್ ತುಟಿಯ ಅಂಚನ್ನು ಅಂಗಿಯ ತೋಳಿಗೆ ಒರೆಸಿಕೊಂಡರು.

ಲೂಯಿಸ್: ಎರಡನೆಯ ಸಲ ಸರಿಯಾದದ್ದೇ ಸಿಕ್ಕಿತು.

ಖದೀಜಮ್ಮ ಮನೆಗೆ ಹೋಗಿ ಒಂದು ಪಾತ್ರೆ ತುಂಬ ಅಕ್ಕಿಹಿಟ್ಟು ತಂದರು.

ಲೂಯಿಸ್: ಇದು ಎಂತದ್ದು? ಇದು ಪ್ರೆಸ್ಸು, ಅಡುಗೆಮನೆ ಅಲ್ಲ!

ಖದೀಜಮ್ಮ: ಗಂಜಿ ಉಣ್ಣುವಾಗ ಅಡುಗೆಮನೆ ಆಗಿತ್ತಲ್ಲ? ಪತ್ತಿರಿ ರೊಟ್ಟಿ ಒಂದಕ್ಕೊಂದು ಅಂಟಬಾರದು ಅಂತ ನಾವು ನಡುವೆ ಹಿಟ್ಟು ಉದುರಿಸುವುದು. ಕಾಗದಕ್ಕೂ ಅಷ್ಟೇ.

ಲೂಯಿಸ್: ನನ್ನ ಅಪ್ಪನ ಕಾಲದಿಂದ ಈ ಮೆಷಿನಿಗೆ ಅಕ್ಕಿಹಿಟ್ಟು ತೋರಿಸಿದವರಿಲ್ಲ.

ಖದೀಜಮ್ಮ: ಪಾಪ, ಅದಕ್ಕೇ ಇಷ್ಟು ಸೊರಗಿದೆ.

ಇನ್ನೂರು ಲೇಬಲ್‌ಗಳನ್ನೂ ನೆಲದ ಚಾಪೆಗಳ ಮೇಲೆ ಬಿಡಿಬಿಡಿಯಾಗಿ ಹರಡಿ ಹಿಟ್ಟು ಉದುರಿಸಿದ್ದಾಯಿತು. ಖದೀಜಮ್ಮ ಮೈದಾದ ಅಂಟು ಕಾಯಿಸಲು ಹೋದರು. ಲೂಯಿಸ್ ಬಾಗಿಲು ತೆರೆದಿಟ್ಟು ಚಹಾಕ್ಕೆ ಹೋದರು. ಮೂರು ಗಂಟೆಗೆ ಇಬ್ಬರೂ ಒಟ್ಟಿಗೆ ಬಂದು ನೋಡಿದರೆ ಖದೀಜಮ್ಮನ ಕೆಂಪು ಕೋಳಿ ಕೊನೆಯ ಲೇಬಲ್‌ನ ಹಿಟ್ಟು ಹೆಕ್ಕುತ್ತಿತ್ತು. ಲೂಯಿಸ್ ನಿನ್ನೆ ಒರೆಸಲು ಮರೆತಿದ್ದ ಶಾಯಿಯ ಕಲ್ಲನ್ನು ಅದು ಮತ್ತೆ ಮತ್ತೆ ತುಳಿದೇ ಬಂದಿತ್ತು. ಒಂದೊಂದು ಲೇಬಲ್‌ನ ಮೇಲೂ ಮೂರು ಬೆರಳಿನ ಕೆಂಪು ಕಾಲು.

ಲೂಯಿಸ್: ಅಯ್ಯೋ ದೇವರೇ! ಇದು ಯಾರ ಕೋಳಿ?

ಖದೀಜಮ್ಮ: ಅಂಗಳದಲ್ಲಿ ಇರುವವರೆಗೆ ನನ್ನದು. ಬಾಗಿಲು ತೆರೆದಿಟ್ಟವರು ಯಾರು?

ಲೂಯಿಸ್: ಶಾಯಿ ಗಾಳಿ ಕುಡಿಯಲಿ ಅಂತ ತೆರೆದೆ! ಅಲ್ಲ, ಇನ್ನೂರರ ಮೇಲೂ ಕಾಲಿಡಬೇಕಾ?

ಖದೀಜಮ್ಮ: ಹಿಡಿದ ಕೆಲಸ ಮುಗಿಸಿದ್ದಾಳೆ. ನಿಮ್ಮ ಹಾಗೆ ನಡುವೆ ಚಹಾಕ್ಕೆ ಹೋಗಲಿಲ್ಲ.

ಲೂಯಿಸ್: ಇದನ್ನು ಕೆಲಸ ಅನ್ನುತ್ತೀರಾ?

ಖದೀಜಮ್ಮ: ಕಾಲಿನಲ್ಲಿ ಉಬ್ಬು ಉಂಟಾ? ಉಂಟು. ಶಾಯಿ ಹಿಡಿಯಿತಾ? ಹಿಡಿಯಿತು. ಕಾಗದದ ಮೇಲೆ ಒತ್ತಿತಾ? ಒತ್ತಿತು. ಹಾಗಾದರೆ ಲೆಟರ್‌ಪ್ರೆಸ್. ನಿಮ್ಮ ಕಸುಬೇ.

ಅವರು ಕೋಳಿಕಾಲಿನ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಹಿಟ್ಟು ಬೆರೆತ ಶಾಯಿ ಬೆರಳಿಗೆ ಹತ್ತಲಿಲ್ಲ.

ಖದೀಜಮ್ಮ: ನೋಡಿ, ಅವಳದ್ದು ಒಣಗಿದೆ!

ಲೂಯಿಸ್ ಅಂಟಿನ ಪಾತ್ರೆ ಎತ್ತಿಕೊಂಡರು. ಬೇರೆ ಲೇಬಲ್ ಹಾಕಲು ಹೊತ್ತಿರಲಿಲ್ಲ. ಇಪ್ಪತ್ತನಾಲ್ಕು ಬಾಟಲಿಗಳೂ ಕೋಳಿಕಾಲು ಹೊತ್ತು ಬಸ್ಸು ಹತ್ತಿದವು.

ಸೆಪ್ಟೆಂಬರಿನಲ್ಲಿ ಸಯೀದನ ಕಾಗದ ಬಂತು. ಓದಿಸಿಕೊಳ್ಳಲು ಖದೀಜಮ್ಮ ಅದನ್ನು ಪ್ರೆಸ್ಸಿಗೇ ತಂದರು. ಲೂಯಿಸ್ ಕನ್ನಡಕ ಏರಿಸಿದರು.

ಲೂಯಿಸ್: “ಬಾಟಲಿ ಎಲ್ಲ ಎರಡೇ ದಿನದಲ್ಲಿ ಖಾಲಿ. ಇಲ್ಲಿ ಯಾರೂ ಹೆಸರು ಓದುವುದಿಲ್ಲ, ಕೋಳಿಕಾಲಿನದ್ದು ಕೊಡಿ ಅಂತ ಕೇಳುತ್ತಾರೆ. ಐನೂರು ಲೇಬಲ್ ಮಾಡಿಸಿಡಿ. ಕಾಲು ಇಲ್ಲದ್ದು ಬೇಡ, ಡೂಪ್ಲಿಕೇಟ್ ಅನ್ನುತ್ತಾರೆ.”

ಖದೀಜಮ್ಮ: ಮತ್ತೆ?

ಲೂಯಿಸ್: ಮತ್ತೆ ಎಲ್ಲರಿಗೂ ಸಲಾಂ. ಖದೀಜಮ್ಮ, ಮಂಗಳೂರಿನಲ್ಲಿ ಈ ಕಾಲಿನದ್ದೇ ಒಂದು ಅಚ್ಚಿನ ಬ್ಲಾಕ್ ಮಾಡಿಸುವ. ಐನೂರೂ ಒಂದೇ ಹಾಗೆ ಬರುತ್ತದೆ.

ಖದೀಜಮ್ಮ: ಅದೇ ಅಲ್ವಾ ಡೂಪ್ಲಿಕೇಟ್?

ಲೂಯಿಸ್: ಹಾಗಾದರೆ ನಮ್ಮ ಮನೆಯಲ್ಲೂ ಕೋಳಿ ಉಂಟು, ತರಲಾ?

ಖದೀಜಮ್ಮ: ಬೇರೆ ಕೋಳಿ ಅಂದರೆ ಬೇರೆ ಕಂಪೆನಿ.

ಲೂಯಿಸ್: ಆಯಿತು, ಅವಳೇ ಬರಲಿ. ಡ್ರೈಯರ್ ತಂದಿಟ್ಟಿದ್ದೇನೆ, ಈ ಸಲ ಹಿಟ್ಟು ಬೇಡ.

ಖದೀಜಮ್ಮ: ಹಿಟ್ಟು ಇಲ್ಲದೆ ಅವಳು ಎಂತಕ್ಕೆ ಬರುತ್ತಾಳೆ? ನಿಮ್ಮ ಮುಖ ನೋಡಲಿಕ್ಕಾ?

ಮರುದಿನ ಲೂಯಿಸ್ ತಾವೇ ಅಕ್ಕಿಹಿಟ್ಟು ಉದುರಿಸಿ, ತಾವೇ ಬಾಗಿಲು ತೆರೆದಿಟ್ಟು, ಕೋಳಿ ಬೆದರಬಾರದೆಂದು ಮೆಷಿನ್ ನಿಲ್ಲಿಸಿ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತರು. ಐನೂರು ಲೇಬಲ್ ಸಂಜೆಗೆ ಮುಗಿದವು.

ಪ್ರೆಸ್ಸು ಮುಚ್ಚುವ ಹೊತ್ತಾಯಿತು. ದಿನವೂ ಮಾಡುವಂತೆ ಲೂಯಿಸ್ ಬಟ್ಟೆಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೊಳೆಗಳನ್ನು ಒರೆಸಿದರು, ರೋಲರ್ ಒರೆಸಿದರು, ಶಾಯಿಯ ಕಲ್ಲು ಒರೆಸಿದರು. ಆಮೇಲೆ ಅದೇ ಬಟ್ಟೆ ಹಿಡಿದು ಕೋಳಿಯ ಕಡೆಗೆ ತಿರುಗಿದರು.

ಖದೀಜಮ್ಮ: ನಿಲ್ಲಿ, ನಿಲ್ಲಿ! ಅವಳಿಗೆ ಸೀಮೆಎಣ್ಣೆಯಾ? ತೆಂಗಿನೆಣ್ಣೆ ತಂದಿದ್ದೇನೆ.

ಲೂಯಿಸ್ ಶುಭ್ರ ಬಟ್ಟೆ ಹುಡುಕಿ, ತೆಂಗಿನೆಣ್ಣೆಯಲ್ಲಿ ಅದ್ದಿ, ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಬೆರಳನ್ನು ಒರೆಸತೊಡಗಿದರು.

ಖದೀಜಮ್ಮ: ಸಂದಿಯಲ್ಲಿ ಬಿಟ್ಟಿರಿ.

ಲೂಯಿಸ್ ಸಂದಿಯಲ್ಲೂ ಒರೆಸಿದರು.